ಶಾಸಕ ಸ್ಥಾನದ ಒಡೆತನ: ಅಥಣಿ ಮತ್ತು ಕಾಗವಾಡ ಕ್ಷೇತ್ರಗಳ ಐದು ವರ್ಷ

1. ವಿಷಯ ಪ್ರವೇಶ

ಸಂಸದೀಯ ಪ್ರಜಾಪ್ರಭುತ್ವದಲ್ಲಿ ಶಾಸಕನ ಸ್ಥಾನ ಮೂರು ಸಂಬಂಧಗಳ ಮೇಲೆ ನಿಂತಿರುತ್ತದೆ. ಮತ ಕೊಟ್ಟು ಕಳುಹಿಸಿದ ಕ್ಷೇತ್ರದ ಜನರೊಡನೆ ಇರುವುದು ಒಂದು, ಟಿಕೆಟ್ಟನ್ನೂ ಚಿಹ್ನೆಯನ್ನೂ ಕೊಟ್ಟ ಪಕ್ಷದೊಡನೆ ಇರುವುದು ಇನ್ನೊಂದು, ಪ್ರಮಾಣವಚನ ಸ್ವೀಕರಿಸಿ ಸದಸ್ಯನಾದ ಸದನದೊಡನೆ ಇರುವುದು ಮತ್ತೊಂದು. ಈ ಮೂರೂ ಹೊಂದಿಕೊಂಡು ನಡೆಯುವವರೆಗೆ ಆ ಸ್ಥಾನ ಯಾರಿಗೆ ಸೇರಿದ್ದೆಂಬ ಪ್ರಶ್ನೆ ಏಳುವುದಿಲ್ಲ. ಶಾಸಕನು ತನ್ನ ಪಕ್ಷದಿಂದ ದೂರ ಸರಿದಾಗ, ಪಕ್ಷವು ಅವನನ್ನು ಸದನದಿಂದಲೇ ಹೊರಗಿಡಬೇಕೆಂದು ಕೇಳಿದಾಗ, ಸಭಾಧ್ಯಕ್ಷರು ಹಾಗೆಯೇ ಆದೇಶಿಸಿದಾಗ, ಕ್ಷೇತ್ರದ ಜನರು ಮಾತ್ರ ತಮ್ಮನ್ನು ಯಾರೂ ಕೇಳಲಿಲ್ಲವೆಂದು ನೋಡುತ್ತ ಉಳಿದಾಗ ಆ ಪ್ರಶ್ನೆ ತನ್ನ ಪೂರ್ಣ ತೂಕದೊಡನೆ ಎದುರಾಗುತ್ತದೆ.

ಕರ್ನಾಟಕದ 15ನೆಯ ವಿಧಾನಸಭೆಯ ಅವಧಿಯಲ್ಲಿ, ಅಂದರೆ 2018ರಿಂದ 2023ರವರೆಗೆ, ಬೆಳಗಾವಿ ಜಿಲ್ಲೆಯ ಅಥಣಿ ಮತ್ತು ಕಾಗವಾಡ ಕ್ಷೇತ್ರಗಳಲ್ಲಿ ನಡೆದದ್ದು ಇದೇ. ಆ ಘಟನೆಗಳಿಂದ ಹುಟ್ಟಿದ ಮೊಕದ್ದಮೆಯು ಭಾರತದ ಪಕ್ಷಾಂತರ ನಿಷೇಧ ಕಾನೂನಿನ ಚರ್ಚೆಯಲ್ಲಿ ಕಾಗವಾಡದ ಅಂದಿನ ಶಾಸಕರ ಹೆಸರಿನಿಂದಲೇ, ಶ್ರೀಮಂತ ಬಾಳಾಸಾಹೇಬ ಪಾಟೀಲ ವಿರುದ್ಧ ಕರ್ನಾಟಕ ವಿಧಾನಸಭೆಯ ಸಭಾಧ್ಯಕ್ಷರು ಎಂಬ ಶೀರ್ಷಿಕೆಯಲ್ಲಿ, ಉಲ್ಲೇಖಗೊಳ್ಳುತ್ತದೆ. ಈ ಉಪನ್ಯಾಸವು ಆ ಐದು ವರ್ಷಗಳನ್ನು ಅಧ್ಯಯನದ ವಸ್ತುವಾಗಿಸಿಕೊಂಡಿದೆ. ಯಾವ ವ್ಯಕ್ತಿಯ ಗುಣದೋಷಗಳನ್ನೂ ತೂಗುವುದು ಇದರ ಉದ್ದೇಶವಲ್ಲ. ಶಾಸಕ ಸ್ಥಾನದ ಮೂಲ ಒಡೆಯ ಮತದಾರನೇ ಎಂಬುದನ್ನೂ, ಈಗಿರುವ ಕಾನೂನು ಆ ಒಡೆತನವನ್ನು ಅರೆಮಟ್ಟಿಗೆ ಮಾತ್ರ ಮನ್ನಿಸುತ್ತದೆ ಎಂಬುದನ್ನೂ ಪ್ರತಿಪಾದಿಸುವುದು ಇದರ ಗುರಿ.

2. ಸೀಮೆ ಮತ್ತು ಪ್ರಾತಿನಿಧ್ಯ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳು ಕೃಷ್ಣಾ ನದಿ ಮತ್ತು ಅದನ್ನು ಕೂಡುವ ದೂಧಗಂಗಾ, ವೇದಗಂಗಾ ನದಿಗಳ ಆಶ್ರಯದಲ್ಲಿ ಬೆಳೆದ ಗಡಿಸೀಮೆ. ರಾಜ್ಯದ ವಿಧಾನಸಭಾ ಕ್ಷೇತ್ರಗಳ ಎಣಿಕೆ ಆರಂಭವಾಗುವುದೇ ಇಲ್ಲಿಂದ: ನಿಪ್ಪಾಣಿ ಮೊದಲನೆಯದು, ಚಿಕ್ಕೋಡಿ-ಸದಲಗಾ ಎರಡನೆಯದು, ಅಥಣಿ ಮೂರನೆಯದು, ಕಾಗವಾಡ ನಾಲ್ಕನೆಯದು, ಅವುಗಳ ಬೆನ್ನಿಗೆ ಪರಿಶಿಷ್ಟ ಜಾತಿಗೆ ಮೀಸಲಾದ ಕುಡಚಿ ಮತ್ತು ರಾಯಬಾಗ ಬರುತ್ತವೆ. ಹುಕ್ಕೇರಿ ಮತ್ತು ಯಮಕನಮರಡಿ ಸೇರಿ ಈ ಎಂಟೂ ಚಿಕ್ಕೋಡಿ ಲೋಕಸಭಾ ಕ್ಷೇತ್ರವನ್ನು ರೂಪಿಸುತ್ತವೆ.

ಈ ಸೀಮೆಯಿಂದ ಶಾಸನಸಭೆಗೆ ಜನರನ್ನು ಕಳುಹಿಸುವ ರೂಢಿ ರಾಜ್ಯ ಪುನರ್ವಿಂಗಡಣೆಗಿಂತ ಹಳೆಯದು. 1935ರ ಭಾರತ ಸರ್ಕಾರ ಕಾಯ್ದೆಯಡಿ 1937ರಲ್ಲಿ ಮುಂಬೈ ಪ್ರಾಂತದ ಶಾಸನಸಭೆಗೆ ಚುನಾವಣೆ ನಡೆದಾಗ, ಡಾ. ಬಿ. ಆರ್. ಅಂಬೇಡ್ಕರ್ ಅವರು 1936ರಲ್ಲಿ ಕಟ್ಟಿದ್ದ ಸ್ವತಂತ್ರ ಕಾರ್ಮಿಕ ಪಕ್ಷದಿಂದ ನಿಪ್ಪಾಣಿಯ ಬಳವಂತರಾವ್ ವರಾಳೆ ಅವರು ಬೆಳಗಾವಿ ಉತ್ತರ ಕ್ಷೇತ್ರವನ್ನು ಪ್ರತಿನಿಧಿಸಿ ಆಯ್ಕೆಯಾದರು. ಮತದಾನದ ಹಕ್ಕು ಆಸ್ತಿ, ತೆರಿಗೆ ಮತ್ತು ವಿದ್ಯಾರ್ಹತೆಗಳಿಗೆ ಕಟ್ಟುಬಿದ್ದಿದ್ದ ಆ ಕಾಲದಲ್ಲಿ, ದಲಿತ ಸಮುದಾಯದ ಯುವಕನೊಬ್ಬ ಗಡಿಭಾಗದಿಂದ ಹೊರಟು ಮುಂಬೈಯ ಸದನದಲ್ಲಿ ಕುಳಿತದ್ದು ಈ ಸೀಮೆಯ ಪ್ರಾತಿನಿಧ್ಯದ ಇತಿಹಾಸಕ್ಕೆ ದೊರೆತ ಘನವಾದ ಆರಂಭ. 1925ರಲ್ಲಿ ಅಂಬೇಡ್ಕರ್ ಅವರ ಉಪಸ್ಥಿತಿಯಲ್ಲಿ ನಿಪ್ಪಾಣಿಯಲ್ಲಿ ನಡೆದ ಬಹಿಷ್ಕೃತರ ಪ್ರಾಂತೀಯ ಪರಿಷತ್ತು ಆ ಆರಂಭಕ್ಕೆ ನೆಲ ಹದಗೊಳಿಸಿತ್ತು.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಇಲ್ಲಿನ ಶಾಸಕರ ರಾಜಕೀಯ ಬದುಕನ್ನು ಮೂರು ವಿಷಯಗಳು ರೂಪಿಸಿದವು. ಮೊದಲನೆಯದು ಗಡಿ. 1966ರಲ್ಲಿ ನೇಮಕಗೊಂಡು 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗವು ಬೆಳಗಾವಿ ನಗರವನ್ನು ಮೈಸೂರಿನಲ್ಲಿಯೇ ಉಳಿಸಿ, ನಿಪ್ಪಾಣಿಯೂ ಸೇರಿ ಕೆಲವು ಭಾಗಗಳನ್ನು ಮಹಾರಾಷ್ಟ್ರಕ್ಕೆ ಬಿಟ್ಟುಕೊಡಲು ಸಲಹೆ ಮಾಡಿತ್ತು. ಮಹಾರಾಷ್ಟ್ರವು ವರದಿಯನ್ನು ಒಪ್ಪಲಿಲ್ಲ, 2004ರಲ್ಲಿ ಅದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಎರಡನೆಯದು ಬೆಳೆ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಬೀಡುಬಿಟ್ಟು ಹೋರಾಡಿದಾಗ ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಆ ಚಳವಳಿಯ ಮುಂಚೂಣಿಯಲ್ಲಿದ್ದ ಸುಭಾಷ್ ಜೋಶಿ ಅವರು ಮುಂದೆ ನಿಪ್ಪಾಣಿಯ ಶಾಸಕರಾದರು. ಮೂರನೆಯದು ಸಹಕಾರ. ಚಿಕ್ಕೋಡಿಯ ದೂಧಗಂಗಾ-ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಮುಂತಾದ ಸಹಕಾರಿ ಸಕ್ಕರೆ ಕಾರ್ಖಾನೆಗಳು, ಪಿಕೆಪಿಎಸ್ ಎಂದು ಜನರು ಕರೆಯುವ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಮತ್ತು ಅವುಗಳ ಮೇಲಿನ ಡಿಸಿಸಿ ಬ್ಯಾಂಕು ಕಬ್ಬು ಬೆಳೆಗಾರನ ಸಾಲವನ್ನೂ ಬಿಲ್ಲನ್ನೂ ನಿರ್ಧರಿಸುವ ಸಂಸ್ಥೆಗಳಾದ್ದರಿಂದ, ಅವುಗಳ ಆಡಳಿತ ಮಂಡಳಿಯ ಚುನಾವಣೆಯೇ ಅನೇಕ ರಾಜಕೀಯ ಜೀವನಗಳಿಗೆ ಮೊದಲ ಪಾಠಶಾಲೆಯಾಯಿತು.

ಈ ಮೂರನೆಯ ಅಂಶಕ್ಕೆ ಮುಂದಿನ ಕಥನದಲ್ಲಿ ವಿಶೇಷ ಮಹತ್ವವಿದೆ. ಕಾರ್ಖಾನೆ, ಸಂಘ, ಬ್ಯಾಂಕುಗಳ ಮೂಲಕ ಜನರೊಡನೆ ನಂಟು ಬೆಳೆಸಿಕೊಂಡ ನಾಯಕನಿಗೆ ಪಕ್ಷಕ್ಕಿಂತ ಹೊರತಾದ ಸ್ವಂತ ಬಲವೊಂದು ಇರುತ್ತದೆ. ಚಿಹ್ನೆ ಬದಲಾದರೂ ಅವನ ಹಿಂದಿನ ಜನ ಒಮ್ಮೆಗೇ ಚದುರುವುದಿಲ್ಲ. ಮತದಾರನು ಪಕ್ಷವನ್ನು ನೋಡಿ ಮತ ಹಾಕುತ್ತಾನೆ ಎಂಬ ಪಕ್ಷಾಂತರ ನಿಷೇಧ ಕಾನೂನಿನ ಮೂಲ ಗ್ರಹಿಕೆಯನ್ನು ಈ ಸೀಮೆಯ ಅನುಭವದಿಂದ ಒರೆಗೆ ಹಚ್ಚಬೇಕಾದದ್ದು ಈ ಕಾರಣಕ್ಕಾಗಿಯೇ.

3. 2018ರ ಜನಾದೇಶ

2018ರ ಮೇ 12ರಂದು 222 ಕ್ಷೇತ್ರಗಳಿಗೆ ನಡೆದ ಚುನಾವಣೆಯಲ್ಲಿ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37 ಸ್ಥಾನಗಳನ್ನು ಪಡೆದವು. ಯಾರಿಗೂ ಬಹುಮತ ದೊರೆಯದ ಆ ಸಂದರ್ಭದಲ್ಲಿ ಬಿ. ಎಸ್. ಯಡಿಯೂರಪ್ಪ ಅವರು ಮೇ 17ರಂದು ಪ್ರಮಾಣವಚನ ಸ್ವೀಕರಿಸಿ, ಬಹುಮತ ಸಾಬೀತಿಗೆ ಮೊದಲೇ ಮೇ 19ರಂದು ರಾಜೀನಾಮೆ ನೀಡಿದರು. ಮೇ 23ರಂದು ಎಚ್. ಡಿ. ಕುಮಾರಸ್ವಾಮಿ ಅವರ ನೇತೃತ್ವದಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ರಚನೆಯಾಯಿತು.

ಅಥಣಿಯಲ್ಲಿ ಕಾಂಗ್ರೆಸ್ಸಿನ ಮಹೇಶ ಕುಮಠಳ್ಳಿ ಅವರು, 2004ರಿಂದ ಸತತ ಮೂರು ಬಾರಿ ಗೆದ್ದಿದ್ದ ಬಿಜೆಪಿಯ ಲಕ್ಷ್ಮಣ ಸವದಿ ಅವರನ್ನು ಎರಡು ಸಾವಿರಕ್ಕೂ ಸ್ವಲ್ಪ ಹೆಚ್ಚಿನ ಮತಗಳಿಂದ ಸೋಲಿಸಿದರು. ಕಾಗವಾಡದಲ್ಲಿ ಕಾಂಗ್ರೆಸ್ಸಿನ ಶ್ರೀಮಂತ ಪಾಟೀಲ ಅವರು ಬಿಜೆಪಿಯ ಹಾಲಿ ಶಾಸಕ ರಾಜು ಕಾಗೆ ಅವರನ್ನು ಸುಮಾರು 33 ಸಾವಿರ ಮತಗಳ ಅಂತರದಿಂದ ಮಣಿಸಿದರು. ಎರಡೂ ಕಡೆ ಹಾಲಿ ಶಾಸಕರನ್ನು ಕೆಳಗಿಳಿಸಿ ಹೊಸಬರನ್ನು ಕಳುಹಿಸಿದ್ದರಿಂದ, ಅದು ಬದಲಾವಣೆಯನ್ನು ಬಯಸಿದ ಸ್ಪಷ್ಟ ಜನಾದೇಶವೇ ಆಗಿತ್ತು.

4. ಕಾನೂನಿನ ಚೌಕಟ್ಟು

ಮುಂದೆ ನಡೆದದ್ದನ್ನು ಅರಿಯಲು ಕಾನೂನಿನ ಕೆಲವು ಪರಿಕಲ್ಪನೆಗಳು ಸ್ಪಷ್ಟವಾಗಬೇಕು. 1985ರ 52ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯೇ ಪಕ್ಷಾಂತರ ನಿಷೇಧ ಕಾನೂನು. ಅದರ ಪ್ರಕಾರ ಪಕ್ಷದ ಟಿಕೆಟ್ಟಿನಿಂದ ಗೆದ್ದ ಶಾಸಕನು ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ ಸದಸ್ಯತ್ವ ಕಳೆದುಕೊಳ್ಳುತ್ತಾನೆ. ಪಕ್ಷದ ಸದಸ್ಯತ್ವವನ್ನು ಸ್ವಇಚ್ಛೆಯಿಂದ ತ್ಯಜಿಸುವುದು ಮೊದಲನೆಯ ಸಂದರ್ಭವಾಗಿದ್ದು, ಇದಕ್ಕೆ ಲಿಖಿತ ರಾಜೀನಾಮೆಯೇ ಬೇಕೆಂದಿಲ್ಲ, ನಡವಳಿಕೆಯಿಂದಲೂ ಅದನ್ನು ತೀರ್ಮಾನಿಸಬಹುದೆಂದು ಸುಪ್ರೀಂ ಕೋರ್ಟು 1994ರಲ್ಲಿ ರವಿ ನಾಯಕ ಪ್ರಕರಣದಲ್ಲಿ ಹೇಳಿದೆ. ಸದನದ ಮತದಾನದಲ್ಲಿ ಪಕ್ಷ ಹೊರಡಿಸುವ ಕಡ್ಡಾಯ ನಿರ್ದೇಶನವನ್ನು, ಅಂದರೆ ವಿಪ್ಪನ್ನು, ಮುಂಚಿತ ಅನುಮತಿಯಿಲ್ಲದೆ ಮೀರಿ ಮತ ಹಾಕುವುದು ಅಥವಾ ಮತದಾನಕ್ಕೆ ಗೈರಾಗುವುದು ಎರಡನೆಯ ಸಂದರ್ಭ; ಆದರೆ ಪಕ್ಷವು 15 ದಿನಗಳೊಳಗೆ ಅದನ್ನು ಮನ್ನಿಸಿದರೆ ಅನರ್ಹತೆ ಉಂಟಾಗುವುದಿಲ್ಲ.

ಅನರ್ಹತೆಯ ದೂರುಗಳನ್ನು ತೀರ್ಮಾನಿಸುವ ಅಧಿಕಾರ ಸಭಾಧ್ಯಕ್ಷರದು. 1992ರ ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಅನುಸೂಚಿಯನ್ನು ಎತ್ತಿಹಿಡಿದರೂ, ಸಭಾಧ್ಯಕ್ಷರ ಆದೇಶ ನ್ಯಾಯಾಂಗದ ಪರಿಶೀಲನೆಗೆ ಒಳಪಟ್ಟಿದೆಯೆಂದು ಸ್ಪಷ್ಟಪಡಿಸಿತು. 2003ರ 91ನೆಯ ತಿದ್ದುಪಡಿಯು ಶಾಸಕಾಂಗ ಪಕ್ಷದ ಮೂರನೆಯ ಒಂದು ಭಾಗ ಒಡೆದು ಹೋದರೆ ರಕ್ಷಣೆ ನೀಡುತ್ತಿದ್ದ ಅವಕಾಶವನ್ನು ತೆಗೆದುಹಾಕಿ, ಪಕ್ಷಾಂತರದಿಂದ ಅನರ್ಹನಾದವನು ಅವಧಿ ಮುಗಿಯುವವರೆಗೆ ಅಥವಾ ಮತ್ತೆ ಆಯ್ಕೆಯಾಗುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಸಚಿವನಾಗುವಂತಿಲ್ಲವೆಂಬ ನಿರ್ಬಂಧವನ್ನು ಹೇರಿತು. ರಾಜೀನಾಮೆಗೆ ಸಂಬಂಧಿಸಿದ್ದು 190ನೆಯ ವಿಧಿ. ರಾಜೀನಾಮೆ ಸ್ವಇಚ್ಛೆಯದ್ದಲ್ಲ ಅಥವಾ ನೈಜವಾದದ್ದಲ್ಲ ಎಂದು ಕಂಡುಬಂದರೆ ಸಭಾಧ್ಯಕ್ಷರು ಅದನ್ನು ಅಂಗೀಕರಿಸುವಂತಿಲ್ಲ.

ಒಡೆದು ಹೋಗುವ ದಾರಿ ಮುಚ್ಚಿದಾಗ ರಾಜೀನಾಮೆಯ ದಾರಿ ತೆರೆದುಕೊಂಡಿತು. ಶಾಸಕರು ರಾಜೀನಾಮೆ ಕೊಟ್ಟು ಸದನದ ಬಲವನ್ನು ತಗ್ಗಿಸಿ, ಸರ್ಕಾರದ ಬಹುಮತವನ್ನು ಅಲುಗಿಸಿ, ಬಳಿಕ ಬೇರೆ ಚಿಹ್ನೆಯಲ್ಲಿ ಉಪಚುನಾವಣೆ ಎದುರಿಸುವ ಈ ಕ್ರಮ ಕರ್ನಾಟಕದಲ್ಲಿ 2008ರಿಂದಲೇ ಪರಿಚಿತವಾಗಿದ್ದು, ಆಪರೇಷನ್ ಕಮಲ ಎಂಬ ಹೆಸರಿನಿಂದ ಜನರ ಬಾಯಲ್ಲಿ ಉಳಿದಿದೆ.

5. ಅನರ್ಹತೆ ಮತ್ತು ಸುಪ್ರೀಂ ಕೋರ್ಟಿನ ತೀರ್ಪು

2019ರ ಫೆಬ್ರುವರಿಯಲ್ಲಿ, ಶಾಸಕಾಂಗ ಪಕ್ಷದ ಸಭೆಗಳಿಗೆ ಗೈರಾದ ಕಾರಣ ಮಹೇಶ ಕುಮಠಳ್ಳಿಯವರೂ ಸೇರಿ ನಾಲ್ವರನ್ನು ಅನರ್ಹಗೊಳಿಸುವಂತೆ ಕಾಂಗ್ರೆಸ್ ಪಕ್ಷ ಸಭಾಧ್ಯಕ್ಷರಿಗೆ ಅರ್ಜಿ ಸಲ್ಲಿಸಿತು. ಜುಲೈ ಮೊದಲ ವಾರದಿಂದ ಮೈತ್ರಿ ಪಕ್ಷಗಳ ಶಾಸಕರ ರಾಜೀನಾಮೆಗಳು ಒಂದರ ಹಿಂದೊಂದು ಬಂದವು. ಜುಲೈ 17ರ ಮಧ್ಯಂತರ ಆದೇಶದಲ್ಲಿ ಸುಪ್ರೀಂ ಕೋರ್ಟು, ರಾಜೀನಾಮೆಗಳನ್ನು ಸೂಕ್ತ ಕಾಲದಲ್ಲಿ ತೀರ್ಮಾನಿಸುವ ಸ್ವಾತಂತ್ರ್ಯವನ್ನು ಸಭಾಧ್ಯಕ್ಷರಿಗೆ ಬಿಟ್ಟು, ತನ್ನ ಮುಂದೆ ಬಂದಿದ್ದ 15 ಶಾಸಕರನ್ನು ಸದನದಲ್ಲಿ ಹಾಜರಿರುವಂತೆ ಬಲವಂತಪಡಿಸುವಂತಿಲ್ಲವೆಂದು ಹೇಳಿತು. ಶ್ರೀಮಂತ ಪಾಟೀಲರ ಸಂಗತಿ ಇವರಿಗಿಂತ ಭಿನ್ನ. ಅವರು ರಾಜೀನಾಮೆ ಸಲ್ಲಿಸಿರಲಿಲ್ಲ. ವಿಶ್ವಾಸಮತದ ಚರ್ಚೆ ಆರಂಭವಾಗುವ ವೇಳೆಗೆ ಮುಂಬೈಯ ಆಸ್ಪತ್ರೆ ಸೇರಿದ್ದ ಅವರು, ತಮ್ಮ ಗೈರುಹಾಜರಿಗೆ ಅನಾರೋಗ್ಯವೇ ಕಾರಣವೆಂದು ವಾದಿಸಿದರು.

ಜುಲೈ 23ರಂದು ವಿಶ್ವಾಸಮತವು 99ಕ್ಕೆ 105 ಮತಗಳಿಂದ ಬಿದ್ದುಹೋಗಿ ಮೈತ್ರಿ ಸರ್ಕಾರ ಪತನಗೊಂಡಿತು. ಸಭಾಧ್ಯಕ್ಷ ಕೆ. ಆರ್. ರಮೇಶ್ ಕುಮಾರ್ ಅವರು ಜುಲೈ 25ರಂದು ಕುಮಠಳ್ಳಿಯವರೂ ಸೇರಿ ಮೂವರನ್ನು, ಜುಲೈ 28ರಂದು ಶ್ರೀಮಂತ ಪಾಟೀಲರೂ ಸೇರಿ 14 ಮಂದಿಯನ್ನು ಅನರ್ಹಗೊಳಿಸಿ, 15ನೆಯ ವಿಧಾನಸಭೆಯ ಅವಧಿ ಮುಗಿಯುವವರೆಗೂ ಆ ಅನರ್ಹತೆ ಜಾರಿಯಲ್ಲಿರುತ್ತದೆಂದು ಆದೇಶಿಸಿದರು.

2019ರ ನವೆಂಬರ್ 13ರಂದು ನ್ಯಾಯಮೂರ್ತಿಗಳಾದ ಎನ್. ವಿ. ರಮಣ, ಸಂಜೀವ್ ಖನ್ನಾ ಮತ್ತು ಕೃಷ್ಣ ಮುರಾರಿ ಅವರ ಪೀಠ ನೀಡಿದ ತೀರ್ಪಿನಲ್ಲಿ ನಾಲ್ಕು ಅಂಶಗಳು ಮುಖ್ಯವಾದವು. ರಾಜೀನಾಮೆಯನ್ನು ಪರಿಶೀಲಿಸುವಾಗ ಸಭಾಧ್ಯಕ್ಷರು ಅದು ಸ್ವಇಚ್ಛೆಯದೇ, ನೈಜವೇ ಎಂಬುದನ್ನಷ್ಟೇ ನೋಡಬಹುದು, ಅದರ ಹಿಂದಿನ ರಾಜಕೀಯ ಉದ್ದೇಶವನ್ನು ಕೆದಕುವಂತಿಲ್ಲ. ಪಕ್ಷಾಂತರದ ಕೃತ್ಯ ಮೊದಲೇ ನಡೆದಿದ್ದರೆ ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅನರ್ಹತೆಯಿಂದ ತಪ್ಪಿಸಿಕೊಳ್ಳಲಾಗದು. ಆದ್ದರಿಂದ 17 ಮಂದಿಯ ಅನರ್ಹತೆ ಸರಿಯಾದದ್ದು. ಆದರೆ ಅನರ್ಹತೆಗೆ ಅವಧಿಯನ್ನು ಗೊತ್ತುಮಾಡಿ, ಚುನಾವಣೆಗೆ ನಿಲ್ಲದಂತೆ ತಡೆಯುವ ಅಧಿಕಾರವನ್ನು ಸಂವಿಧಾನವು ಸಭಾಧ್ಯಕ್ಷರಿಗೆ ಕೊಟ್ಟಿಲ್ಲವಾದ ಕಾರಣ ಆದೇಶದ ಆ ಭಾಗ ಮಾತ್ರ ರದ್ದಾಯಿತು. ಪಕ್ಷ ತೊರೆದವನನ್ನು ಸದನದಿಂದ ಹೊರಗೆ ಕಳುಹಿಸಲು ಸಭಾಧ್ಯಕ್ಷರಿಗೆ ಅಧಿಕಾರವಿದೆ. ಅವನು ಮರಳಿ ಬರಬೇಕೇ ಬೇಡವೇ ಎಂಬುದನ್ನು ಹೇಳಬೇಕಾದವನು ಮತದಾರ. ಈ ತೀರ್ಪಿನ ತಿರುಳು ಇಷ್ಟು.

6. ಖಾಲಿ ಸ್ಥಾನದ ಬೆಲೆ

ಕಾನೂನಿನ ಚರ್ಚೆ ದೆಹಲಿಯಲ್ಲಿ ನಡೆಯುತ್ತಿದ್ದ ತಿಂಗಳುಗಳಲ್ಲಿ ಕ್ಷೇತ್ರಗಳ ಜನ ಏನನ್ನು ಅನುಭವಿಸುತ್ತಿದ್ದರು ಎಂಬುದು ಸಾಮಾನ್ಯವಾಗಿ ತೀರ್ಪಿನ ವ್ಯಾಖ್ಯಾನಗಳಲ್ಲಿ ಕಾಣುವುದಿಲ್ಲ. ಅನರ್ಹತೆಯ ಆದೇಶ ಹೊರಬಿದ್ದ ಮರುವಾರವೇ, 2019ರ ಆಗಸ್ಟ್ ಮೊದಲರ್ಧದಲ್ಲಿ, ಪಶ್ಚಿಮ ಮಹಾರಾಷ್ಟ್ರದ ಭಾರಿ ಮಳೆಯಿಂದ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ನದಿತೀರದ ಊರುಗಳನ್ನು ಮುಳುಗಿಸಿದವು. ಕಬ್ಬಿನ ಗದ್ದೆಗಳು ನೀರಿನಡಿ ಕೊಳೆತವು, ಮನೆಗಳು ಕುಸಿದವು, ತೋಟದ ವಸತಿಗಳ ಜನ ದನಕರುಗಳೊಡನೆ ಪರಿಹಾರ ಕೇಂದ್ರಗಳನ್ನು ಸೇರಬೇಕಾಯಿತು.

ಆ ದಿನಗಳಲ್ಲಿ ಅಥಣಿಗೂ ಕಾಗವಾಡಕ್ಕೂ ಶಾಸಕರಿರಲಿಲ್ಲ. ಆಗಸ್ಟ್ 20ರಂದು ಸಂಪುಟ ವಿಸ್ತರಣೆಯಾಗುವವರೆಗೆ ಮುಖ್ಯಮಂತ್ರಿಯೊಬ್ಬರನ್ನು ಬಿಟ್ಟರೆ ರಾಜ್ಯದಲ್ಲಿ ಸಚಿವರೂ ಇರಲಿಲ್ಲ. ನೆರೆಯ ಬಳಿಕ ಅಕ್ಟೋಬರ್‌ನಲ್ಲಿ ನಡೆದ ವಿಧಾನಮಂಡಲದ ಅಧಿವೇಶನವೂ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯದೆ ಬೆಂಗಳೂರಿನಲ್ಲಿ ನಡೆಯಿತು. ಅಲ್ಲಿ ಈ ಎರಡು ಕ್ಷೇತ್ರಗಳ ಪರವಾಗಿ ಎದ್ದು ನಿಂತು ಬೆಳೆ ಪರಿಹಾರದ ಬಗೆಗೆ, ಮನೆ ಹಾನಿಯ ಸಮೀಕ್ಷೆಯ ಬಗೆಗೆ ಪ್ರಶ್ನೆ ಕೇಳಬೇಕಾದ ಆಸನಗಳು ಖಾಲಿಯಿದ್ದವು. ಅಧಿಕಾರಿಗಳು ಕೆಲಸ ಮಾಡಿದರು, ಸ್ವಯಂಸೇವಾ ಸಂಸ್ಥೆಗಳು ನೆರವಾದವು, ಮಾಜಿ ಶಾಸಕರೂ ಓಡಾಡಿದರು. ಆದರೆ ಸರ್ಕಾರವನ್ನು ಸದನದಲ್ಲಿ ಉತ್ತರ ಕೊಡುವಂತೆ ಮಾಡುವ ಅಧಿಕಾರ ಚುನಾಯಿತ ಸದಸ್ಯನೊಬ್ಬನಿಗೆ ಮಾತ್ರ ಇರುತ್ತದೆ, ಆ ಅಧಿಕಾರವನ್ನು ಜನರು ಅತ್ಯಂತ ಅಗತ್ಯವಾದ ಹೊತ್ತಿನಲ್ಲಿ ಕಳೆದುಕೊಂಡಿದ್ದರು. ಪಕ್ಷಾಂತರದ ನಷ್ಟವನ್ನು ಸರ್ಕಾರಗಳ ಏಳುಬೀಳಿನಿಂದ ಮಾತ್ರ ಅಳೆಯುವವರು ಈ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

7. ಮತದಾರರ ಎರಡು ತೀರ್ಪುಗಳು

ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು, 9ರಂದು ಫಲಿತಾಂಶ ಬಂದಾಗ ಬಿಜೆಪಿ 12 ಕ್ಷೇತ್ರಗಳಲ್ಲಿ ಗೆದ್ದಿತ್ತು. ಅಥಣಿಯಲ್ಲಿ ಬಿಜೆಪಿಯ ಅಭ್ಯರ್ಥಿಯಾಗಿದ್ದ ಕುಮಠಳ್ಳಿಯವರು ಕಾಂಗ್ರೆಸ್ಸಿನ ಗಜಾನನ ಮಂಗಸೂಳಿ ಅವರನ್ನು ಸುಮಾರು 40 ಸಾವಿರ ಮತಗಳಿಂದಲೂ, ಕಾಗವಾಡದಲ್ಲಿ ಬಿಜೆಪಿಯ ಶ್ರೀಮಂತ ಪಾಟೀಲರು ಆ ವೇಳೆಗೆ ಕಾಂಗ್ರೆಸ್ ಸೇರಿದ್ದ ರಾಜು ಕಾಗೆಯವರನ್ನು 18 ಸಾವಿರಕ್ಕೂ ಹೆಚ್ಚು ಮತಗಳಿಂದಲೂ ಸೋಲಿಸಿದರು. 2020ರ ಫೆಬ್ರುವರಿ 6ರಂದು ಶ್ರೀಮಂತ ಪಾಟೀಲರು ಸಚಿವರಾಗಿ ಜವಳಿ ಖಾತೆ ಪಡೆದರು. ಕುಮಠಳ್ಳಿಯವರಿಗೆ ಸಚಿವ ಸ್ಥಾನ ಸಿಗಲಿಲ್ಲ. 2018ರಲ್ಲಿ ಅಥಣಿಯಲ್ಲಿ ಸೋತಿದ್ದ ಸವದಿಯವರು ಯಾವ ಸದನದ ಸದಸ್ಯರೂ ಅಲ್ಲದಿದ್ದಾಗಲೇ 2019ರ ಆಗಸ್ಟ್‌ನಲ್ಲಿ ಸಚಿವರಾಗಿ, ಉಪಮುಖ್ಯಮಂತ್ರಿಯೂ ಆದರು. ಸದಸ್ಯನಲ್ಲದ ಸಚಿವನು ಆರು ತಿಂಗಳೊಳಗೆ ಆಯ್ಕೆಯಾಗಬೇಕೆಂಬ 164ನೆಯ ವಿಧಿಯ ನಿಯಮದಂತೆ 2020ರ ಫೆಬ್ರುವರಿಯಲ್ಲಿ ವಿಧಾನ ಪರಿಷತ್ತಿಗೆ ಬಂದರು. 2021ರ ಆಗಸ್ಟ್‌ನಲ್ಲಿ ಬಸವರಾಜ ಬೊಮ್ಮಾಯಿ ಅವರ ಸಂಪುಟ ರಚನೆಯಾದಾಗ ಸವದಿಯವರಿಗೂ ಪಾಟೀಲರಿಗೂ ಅವಕಾಶ ದೊರೆಯಲಿಲ್ಲ.

2023ರ ಮೇ 10ರ ಚುನಾವಣೆಯ ಹೊತ್ತಿಗೆ ಚಿತ್ರ ಮತ್ತೆ ತಿರುಗಿತು. ಬಿಜೆಪಿ ಟಿಕೆಟ್ ತಪ್ಪಿದ ಸವದಿಯವರು ಪಕ್ಷವನ್ನೂ ಪರಿಷತ್ತಿನ ಸದಸ್ಯತ್ವವನ್ನೂ ತೊರೆದು ಕಾಂಗ್ರೆಸ್ ಸೇರಿ, ಅಥಣಿಯಲ್ಲಿ ಕುಮಠಳ್ಳಿಯವರನ್ನು 76 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಕಾಗವಾಡದಲ್ಲಿ ಕಾಂಗ್ರೆಸ್ಸಿನ ರಾಜು ಕಾಗೆಯವರು ಶ್ರೀಮಂತ ಪಾಟೀಲರ ವಿರುದ್ಧ ಗೆದ್ದರು. 2018ರಲ್ಲಿ ಎದುರಾಳಿಗಳಾಗಿದ್ದವರೇ 2023ರಲ್ಲೂ ಎದುರಾಳಿಗಳು, ಆದರೆ ಎರಡೂ ಕ್ಷೇತ್ರಗಳಲ್ಲಿ ಇಬ್ಬರ ಚಿಹ್ನೆಗಳೂ ಅದಲುಬದಲಾಗಿದ್ದವು.

ಈ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಎರಡು ಸರಳ ವಿವರಣೆಗಳೂ ನಿಲ್ಲುವುದಿಲ್ಲ. ಮತದಾರನು ಪಕ್ಷಕ್ಕೆ ಮಾತ್ರ ಮತ ಹಾಕುತ್ತಾನೆಂದರೆ 2019ರಲ್ಲಿ ಅದೇ ವ್ಯಕ್ತಿಗಳು ಹೊಸ ಚಿಹ್ನೆಯಲ್ಲಿ ಗೆದ್ದದ್ದಕ್ಕೆ ಉತ್ತರ ಸಿಗುವುದಿಲ್ಲ. ವ್ಯಕ್ತಿಗೆ ಮಾತ್ರ ಮತ ಹಾಕುತ್ತಾನೆಂದರೆ 2023ರಲ್ಲಿ ಅದೇ ವ್ಯಕ್ತಿಗಳು ಸೋತದ್ದಕ್ಕೆ ಉತ್ತರ ಸಿಗುವುದಿಲ್ಲ. ವ್ಯಕ್ತಿಯ ನಂಟು, ಪಕ್ಷದ ಅಲೆ, ರಾಜ್ಯದಲ್ಲಿ ಯಾರ ಸರ್ಕಾರವಿದೆ ಅಥವಾ ಬರಲಿದೆ ಎಂಬ ಅಂದಾಜು, ಎದುರಾಳಿಯ ಬಲ ಇವೆಲ್ಲವನ್ನೂ ತೂಗಿ ಪ್ರತಿ ಸಲವೂ ಹೊಸದಾಗಿ ತೀರ್ಮಾನಿಸುವ ಸ್ವತಂತ್ರ ವಿವೇಕವೊಂದು ಈ ಕ್ಷೇತ್ರಗಳಲ್ಲಿ ಕೆಲಸ ಮಾಡಿದೆ. ಅಥಣಿಯ, ಕಾಗವಾಡದ ಮತದಾರರು ಯಾವ ಪಕ್ಷದ ಸ್ವತ್ತೂ ಅಲ್ಲ, ಯಾವ ನಾಯಕನ ಸ್ವತ್ತೂ ಅಲ್ಲ.

8. ಸುಧಾರಣೆಯ ದಿಕ್ಕು

ಕಾನೂನನ್ನು ಬಲಪಡಿಸುವ ಸಲಹೆಗಳು ಹೊಸವೇನಲ್ಲ. ಚುನಾವಣಾ ಸುಧಾರಣೆಗಾಗಿ ನೇಮಕವಾಗಿದ್ದ ದಿನೇಶ್ ಗೋಸ್ವಾಮಿ ಸಮಿತಿಯು 1990ರಲ್ಲಿಯೇ, ಅನರ್ಹತೆಯ ಪ್ರಶ್ನೆಯನ್ನು ಸಭಾಧ್ಯಕ್ಷರ ಬದಲು ಚುನಾವಣಾ ಆಯೋಗದ ಸಲಹೆಯಂತೆ ರಾಷ್ಟ್ರಪತಿ ಅಥವಾ ರಾಜ್ಯಪಾಲರು ತೀರ್ಮಾನಿಸಬೇಕೆಂದು ಹೇಳಿತ್ತು. 2020ರ ಜನವರಿಯಲ್ಲಿ ಮಣಿಪುರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಇಂಥ ಅರ್ಜಿಗಳಿಗಾಗಿ ಶಾಶ್ವತ ನ್ಯಾಯಮಂಡಳಿಯನ್ನು ಸ್ಥಾಪಿಸುವ ಬಗೆಗೆ ಸಂಸತ್ತು ಯೋಚಿಸಬೇಕೆಂದು ಸೂಚಿಸಿತು. ಬ್ರಿಟನ್ನಿನಲ್ಲಿ ಪಕ್ಷ ಬದಲಿಸಿದ ಸಂಸದ ಸ್ಥಾನ ಕಳೆದುಕೊಳ್ಳುವುದಿಲ್ಲ. ಆದರೆ 2015ರ ಕಾಯ್ದೆಯಂತೆ, ಶಿಕ್ಷೆ ಅಥವಾ ಸದನದಿಂದ ಅಮಾನತಿನಂಥ ನಿರ್ದಿಷ್ಟ ಸಂದರ್ಭಗಳಲ್ಲಿ ಕ್ಷೇತ್ರದ ಶೇ. 10ರಷ್ಟು ಮತದಾರರು ಸಹಿ ಹಾಕಿದರೆ ಸಂಸದನು ಸ್ಥಾನ ಬಿಡಬೇಕಾಗುತ್ತದೆ. ಅವಧಿಯ ನಡುವೆಯೂ ಮತದಾರನ ಮಾತಿಗೆ ಕಾನೂನಿನಲ್ಲಿ ಜಾಗ ಮಾಡಿಕೊಡಬಹುದೆಂಬುದಕ್ಕೆ ಅದು ಒಂದು ನಿದರ್ಶನ.

ಅಥಣಿ-ಕಾಗವಾಡದ ಅನುಭವ ಇನ್ನೂ ನಿಖರವಾದ ಒಂದು ತಿದ್ದುಪಡಿಯ ಕಡೆಗೆ ಕೈ ತೋರುತ್ತದೆ. ಅನರ್ಹನಾದವನು ಮತ್ತೆ ಗೆದ್ದೊಡನೆ ಸಚಿವನಾಗಬಹುದೆಂಬ ಈಗಿನ ಅವಕಾಶವನ್ನು ಸಮರ್ಥಿಸುವವರು, ಮತದಾರನೇ ಕ್ಷಮಿಸಿದ ಮೇಲೆ ಕಾನೂನು ಏಕೆ ಅಡ್ಡ ಬರಬೇಕೆಂದು ಕೇಳುತ್ತಾರೆ. ಈ ಪ್ರಶ್ನೆ ಗಂಭೀರವಾದದ್ದು. ಆದರೆ ಸದನಕ್ಕೆ ಮರಳಿ ಕಳುಹಿಸುವುದು ಮತದಾರನ ಕೈಯಲ್ಲಿದ್ದರೆ, ಮಂತ್ರಿ ಪದವಿ ಕೊಡುವುದು ಮುಖ್ಯಮಂತ್ರಿಯ ಕೈಯಲ್ಲಿದೆ. ಮೊದಲನೆಯದು ಜನಾದೇಶ, ಎರಡನೆಯದು ಪಕ್ಷ ತೊರೆಯಲು ಒಡ್ಡಬಹುದಾದ ಆಮಿಷ. ಹೀಗಾಗಿ ಮತ್ತೆ ಆಯ್ಕೆಯಾದ ಶಾಸಕನು ಸದಸ್ಯನಾಗಿ ಪೂರ್ಣ ಗೌರವದಿಂದ ಕೆಲಸ ಮಾಡಲಿ, ಆದರೆ ಆ ಸದನದ ಅವಧಿ ಮುಗಿಯುವವರೆಗೆ ಸಚಿವ ಸ್ಥಾನವನ್ನಾಗಲಿ ನಿಗಮ-ಮಂಡಳಿಗಳ ಲಾಭದಾಯಕ ಹುದ್ದೆಯನ್ನಾಗಲಿ ಪಡೆಯದಿರಲಿ ಎಂದು ಸಂವಿಧಾನವನ್ನು ತಿದ್ದಬೇಕೆಂಬುದು ಈ ಉಪನ್ಯಾಸದ ನಿಲುವು. ಆಗ ಆಮಿಷದ ಬೇರು ಒಣಗುತ್ತದೆ, ಮತದಾರನ ಹಕ್ಕಿಗೂ ಧಕ್ಕೆ ಬರುವುದಿಲ್ಲ.

9. ಉಪಸಂಹಾರ

ಕಾನೂನು ಎಷ್ಟೇ ಬಿಗಿಯಾದರೂ ಶಾಸಕ ಸ್ಥಾನದ ಘನತೆ ಉಳಿಯುವುದು ಆ ಸ್ಥಾನದಿಂದ ಜನ ಏನನ್ನು ನಿರೀಕ್ಷಿಸುತ್ತಾರೆ ಎಂಬುದರ ಮೇಲೆ. ಈ ಸೀಮೆಯಲ್ಲಿ ಶಾಸಕನನ್ನು ಅಳೆಯುವ ರೂಢಿಯ ಮಾನದಂಡಗಳು ಕಾರ್ಖಾನೆಯ ಅಧ್ಯಕ್ಷತೆ, ಮಂತ್ರಿಗಿರಿ, ಮದುವೆ-ಜಾತ್ರೆಗಳ ಹಾಜರಿ ಮತ್ತು ರಸ್ತೆ, ಸಮುದಾಯ ಭವನಗಳಿಗೆ ತಂದ ಅನುದಾನ. ಇವೆಲ್ಲಕ್ಕೂ ತಮ್ಮ ಸ್ಥಳವಿದೆ. ಆದರೆ ಶಾಸಕನಿಗೆ ಮಾತ್ರ ಇರುವ ಸಾಧನಗಳು ಬೇರೆಯೇ: ಸಚಿವರಿಂದ ಸದನದಲ್ಲಿ ಮೌಖಿಕ ಉತ್ತರ ಪಡೆಯುವ ಚುಕ್ಕೆ ಗುರುತಿನ ಪ್ರಶ್ನೆ, ತುರ್ತು ವಿಷಯವನ್ನು ಎತ್ತುವ ಗಮನ ಸೆಳೆಯುವ ಸೂಚನೆ, ಸಚಿವನಲ್ಲದ ಸದಸ್ಯನೇ ಮಂಡಿಸಬಹುದಾದ ಖಾಸಗಿ ವಿಧೇಯಕ, ಸರ್ಕಾರ ಸದನದಲ್ಲಿ ಕೊಟ್ಟ ಮಾತು ಈಡೇರಿತೇ ಎಂದು ನೋಡುವ ಭರವಸೆಗಳ ಸಮಿತಿ. ಕಬ್ಬಿನ ಬಾಕಿ ಬಿಲ್ಲು, ನೆರೆಪೀಡಿತ ಊರುಗಳ ಸ್ಥಳಾಂತರ, ಅಥಣಿ ತಾಲೂಕಿನ ಪೂರ್ವ ಭಾಗದ ಬರ, ಗಡಿಭಾಗದ ಕನ್ನಡ ಶಾಲೆಗಳು ಇವೆಲ್ಲ ಈ ಸಾಧನಗಳನ್ನು ಕಾದಿರುವ ವಿಷಯಗಳು.

ಆದ್ದರಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮತದಾರರಲ್ಲಿ, ವಿಶೇಷವಾಗಿ ಇಲ್ಲಿನ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ, ಒಂದು ವಿನಂತಿ. ಪ್ರತಿ ಅಧಿವೇಶನ ಮುಗಿದ ಮೇಲೆ ತಮ್ಮ ಶಾಸಕರು ಎಷ್ಟು ದಿನ ಹಾಜರಿದ್ದರು, ಯಾವ ಪ್ರಶ್ನೆ ಕೇಳಿದರು, ಯಾವ ಉತ್ತರ ಪಡೆದರು ಎಂಬುದನ್ನು ಸದನದ ಮುದ್ರಿತ ನಡಾವಳಿಯಿಂದ ತಿಳಿದುಕೊಂಡು, ಅವರು ಊರಿಗೆ ಬಂದಾಗ ಎದುರು ನಿಂತು ಅದರ ಬಗೆಗೆ ವಿಚಾರಿಸಬೇಕು. ಐದು ವರ್ಷಕ್ಕೊಮ್ಮೆ ಮಾತ್ರ ಚಲಾಯಿಸುವ ಒಡೆತನ ಪೂರ್ಣ ಒಡೆತನವಲ್ಲ. ಸ್ಥಾನ ಜನರದ್ದೆಂದು ಮತಪೆಟ್ಟಿಗೆ ಎರಡು ಬಾರಿ ಹೇಳಿಯಾಗಿದೆ. ಅದನ್ನು ಉಳಿದ ದಿನಗಳಲ್ಲೂ ನಿಜವಾಗಿಸುವ ಹೊಣೆ ಜನರ ಮೇಲೆಯೇ ಇದೆ.